ಅಣೆಕಟ್ಟೆಗೆ ಬೆಳಕಿನ ನರಗಳು

ಕೃಷ್ಣಾತೀರದಲ್ಲಿ ಬಾಳುವ ನಮಗೆ ಅಣೆಕಟ್ಟು ಎಂಬುದು ಪುಸ್ತಕದ ಮಾತಲ್ಲ. ಮೇಲೆ ಆಲಮಟ್ಟಿ, ಅದರ ಕೆಳಗೆ ನಾರಾಯಣಪುರ, ಭೀಮೆ ಬಂದು ಕೂಡಿದ ಮೇಲೆ ಜೂರಾಲ, ಮುಂದೆ ಶ್ರೀಶೈಲ. ಒಂದರ ಬೆನ್ನಿಗೊಂದು ನಿಂತಿರುವ ಈ ಕಟ್ಟೆಗಳ ನಡುವೆಯೇ ನಮ್ಮ ಹೊಲಮನೆಗಳು, ಗುಡಿಮಠಗಳು ಇವೆ. ಶ್ರಾವಣ ಬಂತೆಂದರೆ ಮಕ್ತಲ, ನಾರಾಯಣಪೇಟೆ, ಗದ್ವಾಲಗಳ ಕನ್ನಡ ಮನೆಗಳಲ್ಲಿ ಬೆಳಗಿನ ಮೊದಲ ವಿಚಾರಣೆಯೇ “ನಾರಾಯಣಪುರದಿಂದ ಎಷ್ಟು ಬಿಟ್ಟಾರಂತೆ?” ಎಂಬುದು. ಒಳಹರಿವು ಇಷ್ಟು, ಹೊರಹರಿವು ಇಷ್ಟು, ಮಟ್ಟ ಇಷ್ಟು ಅಡಿ ಎಂಬ ಲೆಕ್ಕವನ್ನು ಶಾಲೆಗೆ ಹೋಗುವ ಹುಡುಗನೂ ಒಪ್ಪಿಸಬಲ್ಲ.

ಈ ಲೆಕ್ಕವೆಲ್ಲ ನೀರಿನದು. ನೀರನ್ನು ತಡೆದು ನಿಂತಿರುವ ಕಟ್ಟೆಯ ಮೈಯೊಳಗೆ ಏನು ನಡೆದಿದೆ, ಬಾಗಿಲನ್ನು ಹಿಡಿದಿರುವ ಹಗ್ಗದ ಮೇಲೆ ಎಷ್ಟು ಭಾರ ಬಿದ್ದಿದೆ, ಮಣ್ಣಿನ ಏರಿಯ ಹೊಟ್ಟೆಯಲ್ಲಿ ನೀರು ಎಲ್ಲಿ ದಾರಿ ಮಾಡಿಕೊಳ್ಳುತ್ತಿದೆ ಎಂಬ ಇನ್ನೊಂದು ಲೆಕ್ಕವೂ ಉಂಟು. ಅದು ಪತ್ರಿಕೆಗಳಲ್ಲಿ ಬರುವುದಿಲ್ಲ. ಆ ಲೆಕ್ಕವನ್ನು ಬರೆಯಲು ಈಗ ಒಂದು ಗಾಜಿನ ಎಳೆ ಬಂದಿದೆ. ತಲೆಗೂದಲಿಗಿಂತ ತುಸುವೇ ದಪ್ಪನಾದ ಈ ಎಳೆ ಬೆಳಕನ್ನು ಒಯ್ಯುತ್ತದೆ. ಒಯ್ಯುವಾಗ ದಾರಿಯುದ್ದಕ್ಕೂ ತನಗೆ ತಾಗಿದ ಬಿಸಿ, ಎಳೆತ, ನಡುಕಗಳ ಸುದ್ದಿಯನ್ನು ಹೊತ್ತು ತರುತ್ತದೆ. ಇಂಗ್ಲಿಷು ಬಲ್ಲವರು ಇದನ್ನು ಫೈಬರ್ ಆಪ್ಟಿಕ್ ಸೆನ್ಸರ್ ಎನ್ನುತ್ತಾರೆ. ನಾವು ಬೆಳಕಿನ ಎಳೆಯ ಸಂವೇದಕ ಎನ್ನೋಣ.

ಹೊಸ ಯಂತ್ರವೊಂದರ ಸುದ್ದಿ ನಮಗೇಕೆ ಎಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ಹೊಸಪೇಟೆಯಲ್ಲಿದೆ.

ಹತ್ತೊಂಬತ್ತನೆಯ ಬಾಗಿಲು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ಕಡಿಯಿತು. ಕಟ್ಟೆ ತುಂಬಿ ನಿಂತಿದ್ದ ಕಾಲ. ಬಾಗಿಲು ನೀರಿನ ರಭಸಕ್ಕೆ ಕೊಚ್ಚಿಕೊಂಡು ಹೋಯಿತು. ಆ ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ಸ್ ನೀರು ಹೊರಬೀಳತೊಡಗಿದಾಗ, ಕಟ್ಟೆಯ ಮೇಲಿನ ಒತ್ತಡವನ್ನು ಇಳಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ಒಟ್ಟು 33 ಬಾಗಿಲುಗಳ ಈ ಕಟ್ಟೆ ಕಾಲುವೆಗಳಿಗೆ ನೀರು ಬಿಡಲಾರಂಭಿಸಿದ್ದು 1953ರಲ್ಲಿ. ಎಪ್ಪತ್ತು ವರ್ಷ ಬೇಸಾಯಗಾರರನ್ನು ಸಾಕಿದ ಕಟ್ಟೆ ಅದು. ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ ಉಕ್ಕಿನ ಸ್ಟಾಪ್‌ಲಾಗ್ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಆ ಕಿಂಡಿಯನ್ನು ಮುಚ್ಚಿದರು. ಮುಚ್ಚಿದ ಸಾಹಸವನ್ನು ನಾಡೇ ಕೊಂಡಾಡಿತು, ಕೊಂಡಾಡತಕ್ಕದ್ದೇ. ಆದರೆ ಅಷ್ಟರಲ್ಲಿ ಹರಿದುಹೋದ ನೀರು ಹೋಯಿತು.

ಆ ನೀರು ಯಾರದು? ಕೊಪ್ಪಳ, ರಾಯಚೂರು, ಬಳ್ಳಾರಿಯವರದು ಮಾತ್ರವಲ್ಲ. ರಾಜೋಳಿಬಂಡೆಯ ಕಟ್ಟೆಯಿಂದ ಹೊರಡುವ ಕಾಲುವೆ ಆಲಂಪುರ, ಗದ್ವಾಲ ಸೀಮೆಯ ಹೊಲಗಳಿಗೆ ಬರುತ್ತದೆ. ಗದ್ವಾಲ, ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವೆಂಬುದನ್ನು ನಮ್ಮ ಹಿರಿಯರು ಇಂದಿಗೂ ಮರೆತಿಲ್ಲ. ಗಡಿ ಸರಿದರೂ ನೀರಿನ ನಂಟು ಸರಿಯಲಿಲ್ಲ. ಹೊಸಪೇಟೆಯಲ್ಲಿ ಕಡಿದ ಕೊಂಡಿ ಗದ್ವಾಲದ ರೈತನ ನಿದ್ದೆಯನ್ನೂ ಕೆಡಿಸಿತು.

ಜೂರಾಲದ ಮಾತು ಇನ್ನೂ ಹತ್ತಿರದ್ದು. 1981ರಲ್ಲಿ ಅಡಿಗಲ್ಲು ಕಂಡು 1995ರಲ್ಲಿ ಪೂರೈಸಿದ ಪ್ರಿಯದರ್ಶಿನಿ ಜೂರಾಲ ಯೋಜನೆಯ ಪೂರ್ಣಮಟ್ಟ 1045 ಅಡಿ. ತುಂಬಿದಾಗ ಹಿಡಿಯುವ ನೀರು ಸುಮಾರು 9.66 ಟಿಎಂಸಿ. ಆಲಮಟ್ಟಿಯ 123 ಟಿಎಂಸಿಯ ಎದುರು, ನಾರಾಯಣಪುರದ 33 ಟಿಎಂಸಿಯ ಎದುರು ಇದು ಚಿಕ್ಕ ಕೊಡ. ಚಿಕ್ಕ ಕೊಡವಾದುದರಿಂದಲೇ ಇದರ ಬಾಗಿಲುಗಳಿಗೆ ಕೆಲಸ ಹೆಚ್ಚು: ಮೇಲಿನವರು ಬಿಟ್ಟುದನ್ನು ಕೂಡಿಡಲು ಜಾಗವಿಲ್ಲ, ಬಂದಂತೆ ಸಾಗಹಾಕಬೇಕು. ಅರವತ್ತಕ್ಕೂ ಮಿಕ್ಕಿದ ಗೇಟುಗಳನ್ನು ಮಳೆಗಾಲದುದ್ದಕ್ಕೂ ಎತ್ತಬೇಕು, ಇಳಿಸಬೇಕು. ಇಲ್ಲಿನ ವಿದ್ಯುದಾಗಾರದಲ್ಲಿ 39 ಮೆಗಾವಾಟಿನ ಆರು ಯಂತ್ರಗಳಿದ್ದು, ಹುಟ್ಟುವ ವಿದ್ಯುತ್ತಿನಲ್ಲಿ ಅರ್ಧ ಪಾಲು ಕರ್ನಾಟಕಕ್ಕೆ ಸಲ್ಲುವ ಒಪ್ಪಂದವಿದೆ. ಹೀಗಾಗಿ ಈ ಕಟ್ಟೆಯ ಆರೋಗ್ಯ ಗಡಿಯ ಎರಡು ಕಡೆಯವರಿಗೂ ಬೇಕಾದದ್ದು. 2025ರ ಜೂನ್ ತಿಂಗಳಲ್ಲಿ ಜೂರಾಲದ ಗೇಟುಗಳ ಉಕ್ಕಿನ ಹಗ್ಗಗಳು ಕಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಕಟ್ಟೆಗೆ ಅಪಾಯವಿಲ್ಲವೆಂದು ಸರಕಾರ ತಿಳಿಸಿತು. ಅಪಾಯವಿರಲಿಲ್ಲ, ಸಂತೋಷ. ಆದರೆ ಕಡಿದ ಮೇಲೆ ತಿಳಿಯುವುದಕ್ಕೂ ಕಡಿಯುವ ಮುನ್ನ ತಿಳಿಯುವುದಕ್ಕೂ ಇರುವ ಅಂತರವೇ ಈ ಲೇಖನದ ವಿಷಯ.

ನೇಕಾರನ ಬೆರಳು

ನಮ್ಮದು ಎಳೆಯ ಸೀಮೆ. ಗದ್ವಾಲದ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಎರಡು ಜಾತಿಯ ಎಳೆಗಳನ್ನು ಮಗ್ಗದ ಮೇಲೆಯೇ ಕೊಂಡಿಹಾಕಿ ಕೂಡಿಸುವ ಕುಶಲತೆ ಅಲ್ಲಿಯದು. ನಾರಾಯಣಪೇಟೆಯ ಚೌಕಳಿ ಸೀರೆಯೂ ಅಷ್ಟೇ ಹೆಸರಾದದ್ದು. ಮಗ್ಗದ ಮುಂದೆ ಕುಳಿತ ನೇಕಾರನು ಹಾಸಿನ ಮೇಲೆ ಬೆರಳಾಡಿಸಿದರೆ ಸಾಕು, ಯಾವ ಎಳೆ ಬಿಗಿಯಾಯಿತು, ಯಾವುದು ಸಡಿಲವಾಯಿತು, ಯಾವುದು ಇನ್ನು ನಾಲ್ಕು ಲಾಳಿಗೆ ಕಡಿಯುತ್ತದೆ ಎಂದು ಹೇಳಬಲ್ಲನು. ಎಳೆಯೇ ಅವನಿಗೆ ಸುದ್ದಿ ಕೊಡುತ್ತದೆ. ಬೆಳಕಿನ ಎಳೆಯ ಸಂವೇದಕದ ತತ್ತ್ವವೂ ಇದೇ. ಬೆರಳಿನ ಬದಲು ಅಲ್ಲಿ ಬೆಳಕು ಆಡುತ್ತದೆ.

ಎಳೆಯ ರಚನೆ ಸರಳ. ನಡುವೆ ಅತಿ ಶುದ್ಧವಾದ ಗಾಜಿನ ತಿರುಳು. ಅದರ ಸುತ್ತ ತುಸು ಬೇರೆ ಗುಣದ ಗಾಜಿನ ಹೊದಿಕೆ. ಎರಡೂ ಸೇರಿ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು ದಪ್ಪ. ತಿರುಳಿನೊಳಕ್ಕೆ ಹೊಕ್ಕ ಬೆಳಕು ಹೊದಿಕೆಯ ಗೋಡೆಗೆ ಓರೆಯಾಗಿ ತಾಗಿದಾಗಲೆಲ್ಲ ಪೂರ್ಣವಾಗಿ ಒಳಕ್ಕೇ ಪ್ರತಿಫಲಿಸಿ ಮುಂದೆ ಸಾಗುತ್ತದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ 1954ರಲ್ಲಿ ಲಂಡನ್ನಿನಲ್ಲಿ ಹಾಪ್ಕಿನ್ಸ್ ಎಂಬ ಪ್ರಾಧ್ಯಾಪಕರೊಡನೆ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವೊಂದನ್ನು ಸಾಗಿಸಿ ತೋರಿಸಿದರು. ಅಂದಿನ ಗಾಜಿಗೆ ಬೆಳಕನ್ನು ನುಂಗುವ ಚಟ ಬಹಳ. ಇಪ್ಪತ್ತು ಮೀಟರ್ ಹೋಗುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೆ ಹೆಚ್ಚು. ದೋಷ ಗಾಜಿನದಲ್ಲ, ಗಾಜಿನೊಳಗಿನ ಕಲ್ಮಷದ್ದು ಎಂದು 1966ರಲ್ಲಿ ಚಾರ್ಲ್ಸ್ ಕಾವೋ ವಾದಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯವರು ತಯಾರಿಸಿದ ಎಳೆಯಲ್ಲಿ ಆ ನೂರನೆಯ ಪಾಲು ಒಂದು ಕಿಲೋಮೀಟರ್ ದೂರ ಬದುಕಿ ಉಳಿಯಿತು. ಇಂದಿನ ಎಳೆಯಲ್ಲಿ ಹದಿನೈದು ಕಿಲೋಮೀಟರ್ ಹೋದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ದೂರವಾಣಿ, ಇಂಟರ್‌ನೆಟ್ಟುಗಳು ಓಡುತ್ತಿರುವುದು ಈ ಶುದ್ಧತೆಯ ಬಲದಿಂದ.

ದೂರವಾಣಿಯವರಿಗೆ ಬೇಕಾದುದು ತಾವು ಕಳಿಸಿದ ಮಾತು ಕೆಡದೆ ಮುಟ್ಟುವುದು. ಎಳೆ ಬಾಗಿದರೆ, ಹಿಗ್ಗಿದರೆ, ಬಿಸಿಯಾದರೆ ಅವರಿಗೆ ತೊಂದರೆ. ಆ ತೊಂದರೆಯನ್ನೇ ಅಳೆದರೆ ಹೇಗೆ ಎಂದು ಯೋಚಿಸಿದವರಿಂದ ಸಂವೇದಕ ಹುಟ್ಟಿತು. ಒಬ್ಬರ ಕಸ ಇನ್ನೊಬ್ಬರ ರಸ ಎಂಬಂತೆ.

ಗೆರೆ ಕೊರೆದ ಎಳೆ

ಇದರಲ್ಲಿ ಎರಡು ಪಂಥಗಳಿವೆ. ಮೊದಲನೆಯದರಲ್ಲಿ ಎಳೆಯ ತಿರುಳಿನೊಳಗೆ ಬೇಕಾದ ಜಾಗದಲ್ಲಿ ನೇರಳಾತೀತ ಬೆಳಕಿನಿಂದ ಸೂಕ್ಷ್ಮವಾದ ಗೆರೆಗಳನ್ನು ಮೂಡಿಸುತ್ತಾರೆ. ಒಂದು ಮಿಲಿಮೀಟರಿನಲ್ಲಿ ಎರಡು ಸಾವಿರದಷ್ಟು ಗೆರೆ! ಯಾವ ಸೀರೆಯ ಅಂಚಿನಲ್ಲೂ ಇಷ್ಟು ನವುರಾದ ಗೀಟು ಬಿದ್ದಿಲ್ಲ. ಬಣ್ಣಬಣ್ಣದ ಬೆಳಕು ಈ ಗೆರೆಗಳನ್ನು ದಾಟುವಾಗ, ಗೆರೆಗಳ ಅಂತರಕ್ಕೆ ಹೊಂದುವ ಒಂದೇ ಒಂದು ಬಣ್ಣ ಹಿಂದಕ್ಕೆ ತಿರುಗುತ್ತದೆ; ಉಳಿದದ್ದು ಮುಂದೆ ಹೋಗುತ್ತದೆ. ಎಳೆಯನ್ನು ಯಾರಾದರೂ ಎಳೆದರೆ ಗೆರೆಗಳ ಅಂತರ ಹಿಗ್ಗುತ್ತದೆ, ಹಿಂತಿರುಗುವ ಬಣ್ಣ ಕಿಂಚಿತ್ ಬದಲಾಗುತ್ತದೆ. ಆ ಕಿಂಚಿತ್ತನ್ನು ಅಳೆದರೆ ಎಳೆತ ಎಷ್ಟೆಂದು ತಿಳಿಯಿತು. ಒಂದು ಕಿಲೋಮೀಟರ್ ಉದ್ದದ ದಾರ ಒಂದೇ ಮಿಲಿಮೀಟರ್ ಹಿಗ್ಗಿದರೆ ಆಗುವಷ್ಟು ಅಲ್ಪ ಎಳೆತವನ್ನೂ ಇದು ಗುರುತಿಸುತ್ತದೆ. ಇಂಥ ಗೆರೆಗಳನ್ನು ಮೊದಲು ಮೂಡಿಸಿದವರು ಕೆನಡಾದ ಆಟವಾದಲ್ಲಿ ಕೆನೆತ್ ಹಿಲ್ ಮತ್ತು ಸಂಗಡಿಗರು, 1978ರಲ್ಲಿ. ಹರಳುಗಳಲ್ಲಿ ಕ್ಷಕಿರಣಗಳು ಪ್ರತಿಫಲಿಸುವ ನಿಯಮವನ್ನು ತೋರಿಸಿಕೊಟ್ಟ ಬ್ರಾಗ್ ಎಂಬ ತಂದೆಮಕ್ಕಳ ಹೆಸರಿನಿಂದ ಇದನ್ನು ಬ್ರಾಗ್ ಗ್ರೇಟಿಂಗ್ ಎಂದು ಕರೆಯುತ್ತಾರೆ.

ಒಂದು ತೊಡಕುಂಟು. ಎಳೆ ಬಿಸಿಯಾದರೂ ಬಣ್ಣ ಬದಲಾಗುತ್ತದೆ. ನಮ್ಮ ಬೇಸಗೆಯಲ್ಲಿ ಮುಂಜಾವಿಗೂ ನಡುಹಗಲಿಗೂ ಇರುವ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಬಿಸಿಲಿಗೆ ಕಾದ ಕಂಬಿಯನ್ನು ಭಾರಕ್ಕೆ ಬಳಲಿದ ಕಂಬಿಯೆಂದು ಓದಿಬಿಡಬಹುದು. ಆದ್ದರಿಂದ ಎಳೆತ ಸೋಕದಂತೆ ಸಡಿಲವಾಗಿ ಇರಿಸಿದ ಇನ್ನೊಂದು ಗ್ರೇಟಿಂಗನ್ನು ಪಕ್ಕದಲ್ಲೇ ಇಟ್ಟು ಬಿಸಿಯ ಪಾಲನ್ನು ಕಳೆಯುತ್ತಾರೆ. ಇಂಥ ಸಣ್ಣ ಎಚ್ಚರಗಳಲ್ಲಿಯೇ ಈ ವಿದ್ಯೆಯ ಸೋಲುಗೆಲುವುಗಳಿವೆ.

ಕೆನಡಾದ ಕ್ಯಾಲ್ಗರಿಯಲ್ಲಿ 1993ರಲ್ಲಿ ಕಟ್ಟಿದ ಬೆಡಿಂಗ್ಟನ್ ಟ್ರೇಲ್ ಸೇತುವೆಯಲ್ಲಿ ಈ ಗ್ರೇಟಿಂಗುಗಳನ್ನು ಕಾಂಕ್ರೀಟಿನ ಒಳಗೇ ಹುದುಗಿಸಿದರು. ಹಾಂಗ್‌ಕಾಂಗಿನ ತ್ಸಿಂಗ್ ಮಾ ತೂಗುಸೇತುವೆಯ ಮೇಲೆ ರೈಲು ಓಡುವಾಗ ಬೀಳುವ ಎಳೆತವನ್ನೂ ಹೀಗೆಯೇ ಅಳೆದಿದ್ದಾರೆ. ಬೆಂಗಳೂರಿನಲ್ಲಿ ಎನ್‌ಎಎಲ್ ವಿಜ್ಞಾನಿಗಳು ‘ನಿಶಾಂತ್’ ಎಂಬ ಪೈಲಟ್‌ರಹಿತ ವಿಮಾನದ ಬಾಲದ ತೊಲೆಯಲ್ಲಿ ಇಂಥ ಎಳೆಗಳನ್ನು ಹುದುಗಿಸಿ, ಹಾರುವಾಗ ಅದರ ಮೈ ಎಷ್ಟು ಬಾಗುತ್ತದೆಂದು ಓದಿದರು. ಅದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎಸ್. ಅಶೋಕನ್ ಮತ್ತು ಅವರ ಶಿಷ್ಯರು ಮನುಷ್ಯನ ಮಣಿಕಟ್ಟಿನ ಮೇಲೆ ಎಳೆಯಿಟ್ಟು ನಾಡಿಯ ಬಡಿತವನ್ನು ದಾಖಲಿಸಿದರು. ವೈದ್ಯರು ಮೂರು ಬೆರಳಿಟ್ಟು ನಾಡಿ ನೋಡುವ ಪದ್ಧತಿಯನ್ನು ಬಲ್ಲ ನಮಗೆ ಇದು ಸೊಗಸೆನಿಸುತ್ತದೆ.

ಈಗ ಗೇಟಿನ ಮಾತಿಗೆ ಬರೋಣ. ಬಾಗಿಲನ್ನು ಎತ್ತುವ ಹಗ್ಗದ ಅಥವಾ ಸರಪಳಿಯ ಬಿಗಿತವನ್ನು ಇಂಥ ಸಂವೇದಕ ಸದಾ ಅಳೆಯುತ್ತಿದ್ದರೆ, ಎಡಬದಿಯ ಹಗ್ಗಕ್ಕಿಂತ ಬಲಬದಿಯದು ಹೆಚ್ಚು ಭಾರ ಹೊರುತ್ತಿದೆಯೆಂದೋ, ತುಕ್ಕು ಹಿಡಿದ ಗಾಲಿ ತಿರುಗದೆ ಹಗ್ಗ ಜಗ್ಗುತ್ತಿದೆಯೆಂದೋ ಮೊದಲೇ ಗೊತ್ತಾಗಬಹುದು. ಆದರೆ ಗೇಟಿನ ಕೊಂಡಿಗಳ ತುಕ್ಕನ್ನು ಕಾಣಲು ಗಾಜಿನ ಎಳೆಯೇ ಬೇಕೆಂದು ನಾವು ಹೇಳೆವು. ಎಣ್ಣೆಯ ಡಬ್ಬಿ, ಬ್ಯಾಟರಿ ದೀಪ, ಸುತ್ತಿಗೆ ಹಿಡಿದು ಬೇಸಗೆಯಲ್ಲಿ ಒಂದೊಂದೇ ಕೊಂಡಿಯನ್ನು ಬಡಿದು ನೋಡುವ ಕೆಲಸಗಾರನು ಹಳೆಯ ಸಂವೇದಕ. ಅವನ ಹುದ್ದೆಯನ್ನು ಖಾಲಿ ಬಿಟ್ಟು ಹೊಸದನ್ನು ತಂದರೆ ಲೆಕ್ಕ ತಪ್ಪುತ್ತದೆ. ಎಳೆಯು ತಾನು ಅಂಟಿದ ಕಡೆಯ ಸುದ್ದಿಯನ್ನಷ್ಟೇ ಕೊಡುತ್ತದೆ. ಕಡಿಯುವ ಕೊಂಡಿ ಅದರ ಪಕ್ಕದ್ದಾಗಿರಬಹುದು. ಎಳೆಯ ಹೆಚ್ಚುಗಾರಿಕೆ ಬೇರೆ ಕಡೆ ಇದೆ: ಮನುಷ್ಯನ ಕಣ್ಣು ಕೈಗಳು ಎಂದೂ ಮುಟ್ಟಲಾಗದ ಜಾಗದಲ್ಲಿ.

ರಾಮನ್ ಅವರ ಬೆಳಕು, ಏರಿಯ ಹೊಟ್ಟೆ

ಆ ಜಾಗ ಮಣ್ಣಿನ ಏರಿಯ ಒಳಭಾಗ. ಜೂರಾಲದಂಥ ಯೋಜನೆಗಳಲ್ಲಿ ನಡುವೆ ಬಾಗಿಲುಗಳುಳ್ಳ ಗಟ್ಟಿ ಕಟ್ಟೆ, ಇಕ್ಕೆಲಗಳಲ್ಲಿ ಮಣ್ಣಿನ ಏರಿ. ನೋಡುವವರ ಕಣ್ಣೆಲ್ಲ ಬಾಗಿಲುಗಳ ಮೇಲೆ, ಅಲ್ಲಿ ಧುಮುಕುವ ನೀರಿನ ಮೇಲೆ. ಮಣ್ಣಿನ ಏರಿ ಮೌನವಾಗಿ ಮಲಗಿರುತ್ತದೆ. ಜಗತ್ತಿನ ಅನುಭವ ನೋಡಿದರೆ ಹೆಚ್ಚು ಭಯ ಪಡಬೇಕಾದುದು ಈ ಮೌನಕ್ಕೆ. ಅಮೆರಿಕದ ಐಡಹೋ ರಾಜ್ಯದ ಟೀಟನ್ ಎಂಬ ಮಣ್ಣಿನ ಕಟ್ಟೆಯನ್ನು ಮೊದಲ ಬಾರಿಗೆ ತುಂಬಿಸುತ್ತಿದ್ದರು. 1976ರ ಜೂನ್ 5ರ ಬೆಳಗ್ಗೆ ಅದರ ಇಳಿಜಾರಿನಲ್ಲಿ ಕೆಸರುನೀರು ಜಿನುಗುವುದು ಕಂಡಿತು; ಬುಲ್ಡೋಜರುಗಳು ಓಡಿಬಂದು ತೂತು ಮುಚ್ಚಲು ಹೆಣಗಿದವು; ನಡುಹಗಲು ಹನ್ನೆರಡು ಹೊಡೆಯುವ ಮುನ್ನ ಕಟ್ಟೆಯೇ ಒಡೆದುಹೋಯಿತು. ಹನ್ನೊಂದು ಮಂದಿ ಸತ್ತರು. ಹೊರಗೆ ಕಂಡದ್ದು ಆ ಬೆಳಗ್ಗೆ. ಒಳಗೆ ನೀರು ಮಣ್ಣನ್ನು ಕದಿಯಲು ತೊಡಗಿದ್ದು ಅದಕ್ಕಿಂತ ಮುಂಚೆ.

ಒಳಗಿನ ಕಳ್ಳನನ್ನು ಹಿಡಿಯುವ ಉಪಾಯ ನಮ್ಮ ಬೆಂಗಳೂರಿನಲ್ಲಿ ಸಾರಿದ ಒಂದು ಶೋಧದ ಮೇಲೆ ನಿಂತಿದೆ. 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯ ಮುಂದೆ ಸರ್ ಸಿ. ವಿ. ರಾಮನ್ ಹೊಸದೊಂದು ವಿಕಿರಣದ ವಿಚಾರ ಮಾತನಾಡಿದರು. ಕಲ್ಕತ್ತೆಯಲ್ಲಿ ಫೆಬ್ರವರಿ 28ರಂದು ಕಂಡ ಸಂಗತಿಯನ್ನು ವಿಸ್ತಾರವಾಗಿ ಮೊದಲು ಹೇಳಿದ್ದು ಆ ಸಭೆಯಲ್ಲಿ. ಬೆಳಕು ವಸ್ತುವಿನ ಅಣುಗಳಿಗೆ ತಾಗಿ ಚದರುವಾಗ ಅದರ ಅತ್ಯಲ್ಪ ಪಾಲು ತನ್ನ ಬಣ್ಣವನ್ನು ಬದಲಿಸಿಕೊಳ್ಳುತ್ತದೆ ಎಂಬುದೇ ಆ ಸಂಗತಿ. ಒಂದಿಷ್ಟು ಬೆಳಕು ಅಣುವಿಗೆ ಶಕ್ತಿಯನ್ನು ಕೊಟ್ಟು ಸೊರಗುತ್ತದೆ. ಇನ್ನೊಂದಿಷ್ಟು ಅಣುವಿನಿಂದ ಶಕ್ತಿಯನ್ನು ಪಡೆದು ಉಬ್ಬುತ್ತದೆ. ಹೀಗೆ ಉಬ್ಬುವ ಪಾಲು ಅಣುಗಳು ಬಿಸಿಯಾಗಿದ್ದಷ್ಟೂ ಹೆಚ್ಚು. ಎರಡರ ಪ್ರಮಾಣವನ್ನು ಹೋಲಿಸಿದರೆ ಆ ವಸ್ತುವಿನ ಉಷ್ಣತೆ ಎಷ್ಟೆಂದು ಹೇಳಬಹುದು.

ಇನ್ನು ಆ ಉಷ್ಣತೆ ಎಲ್ಲಿಯದು ಎಂಬ ಪ್ರಶ್ನೆ. ಬಾವಿಯಲ್ಲಿ ಕೂಗಿ ಪ್ರತಿಧ್ವನಿ ಬರುವ ಹೊತ್ತಿನಿಂದ ಆಳವನ್ನು ಅಂದಾಜು ಮಾಡುವುದಿಲ್ಲವೆ? ಹಾಗೆ. ಎಳೆಯೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಒಂದು ಮೀಟರ್ ಹೆಚ್ಚು ದೂರದಿಂದ ಹಿಂತಿರುಗುವ ಬೆಳಕು ಸೆಕೆಂಡಿನ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ತಡವಾಗಿ ಬರುತ್ತದೆ. ಇಷ್ಟು ಸಣ್ಣ ಕಾಲವನ್ನು ಅಳೆಯುವ ಯಂತ್ರಗಳು ಈಗಿವೆ. ಆದ್ದರಿಂದ ಬೆಳಕಿನ ಒಂದು ಮಿಡಿತವನ್ನು ಎಳೆಯೊಳಗೆ ಬಿಟ್ಟು ಕಿವಿಗೊಟ್ಟರೆ ಮೊದಲ ಮೀಟರಿನ ಉಷ್ಣತೆ, ಎರಡನೆಯ ಮೀಟರಿನದು, ಹೀಗೆ ಕಿಲೋಮೀಟರುಗಟ್ಟಲೆ ದೂರದ ಪಟ್ಟಿ ಕೈಗೆ ಬರುತ್ತದೆ. ಎಳೆಯಲ್ಲಿ ಗೆರೆ ಕೊರೆಯಬೇಕಾಗಿಲ್ಲ, ಬೇರೆ ಬೇರೆ ಉಪಕರಣಗಳನ್ನು ಪೋಣಿಸಬೇಕಾಗಿಲ್ಲ. ಎಳೆಯ ಉದ್ದಕ್ಕೂ ಎಳೆಯೇ ಥರ್ಮಾಮೀಟರು. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಸಾಧಿಸಿದರು. ಇದೇ ಎರಡನೆಯ ಪಂಥ.

ಏರಿಯ ಬುಡದುದ್ದಕ್ಕೂ ಇಂಥ ಎಳೆಯನ್ನು ಹೂಳಿದರೆ ಸೋರಿಕೆ ಹೇಗೆ ತಿಳಿಯುತ್ತದೆ? ಆಳದ ಮಣ್ಣಿನ ಉಷ್ಣತೆ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಜಲಾಶಯದ ನೀರು ಹಾಗಲ್ಲ. ಮಾಘದಲ್ಲಿ ತಣ್ಣಗೆ, ವೈಶಾಖದಲ್ಲಿ ಬೆಚ್ಚಗೆ. ಏರಿಯೊಳಗೆ ಎಲ್ಲಿಯಾದರೂ ನೀರು ನುಗ್ಗುತ್ತಿದ್ದರೆ ಅದು ತನ್ನ ಋತುವನ್ನೂ ಜೊತೆಗೆ ಹೊತ್ತು ತರುತ್ತದೆ. ನೂರಿಪ್ಪತ್ತನೆಯ ಮೀಟರಿನಲ್ಲಿ ಮಾತ್ರ ಚಳಿಗಾಲದಲ್ಲಿ ಮಣ್ಣು ತಣ್ಣಗಾಯಿತೆಂದರೆ ಅಲ್ಲಿ ಕಳ್ಳಗಂಡಿ ಇದೆಯೆಂದು ಅರ್ಥ. ಋತುವಿಗಾಗಿ ಕಾಯಲು ವ್ಯವಧಾನವಿಲ್ಲದವರು ಇನ್ನೊಂದು ಬಗೆಯಲ್ಲಿ ನೋಡುತ್ತಾರೆ. ಎಳೆಯ ಜೊತೆಗೆ ಒಂದು ತಾಮ್ರದ ತಂತಿಯನ್ನೂ ಕೇಬಲಿನಲ್ಲಿ ಸೇರಿಸಿ, ವಿದ್ಯುತ್ ಹರಿಸಿ ಬಿಸಿಮಾಡುತ್ತಾರೆ. ಒಣಮಣ್ಣಿನಲ್ಲಿ ಕೇಬಲು ಬೇಗ ಕಾಯುತ್ತದೆ. ನೀರು ಹರಿಯುವ ಕಡೆ ಆ ಬಿಸಿ ತೊಳೆದುಹೋಗಿ ಕೇಬಲು ತಂಪಾಗಿಯೇ ಉಳಿಯುತ್ತದೆ. ಬೇಸಗೆಯಲ್ಲಿ ಒದ್ದೆಬಟ್ಟೆ ಸುತ್ತಿದ ಬಿಂದಿಗೆಯನ್ನು ಮುಟ್ಟಿ ಬಲ್ಲ ನಮ್ಮ ಗೃಹಿಣಿಯರಿಗೆ ತೇವವಿದ್ದಲ್ಲಿ ತಂಪು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇದು ಬರಿಯ ಊಹೆಯಲ್ಲ. ಜರ್ಮನಿಯಲ್ಲಿ ಇಸಾರ್ ನದಿಯ ಕಾಲುವೆಯ ಏರಿಗಳಲ್ಲಿ 1990ರ ದಶಕದಲ್ಲಿಯೇ ಈ ಎಳೆಯನ್ನು ಹೂಳಿ ಸೋರಿಕೆಯನ್ನು ಹುಡುಕಿದರು. ಸ್ವೀಡನ್ನಿನ ಹಲವು ಮಣ್ಣಿನ ಕಟ್ಟೆಗಳಲ್ಲಿ ಇದು ನಿತ್ಯದ ಕಾವಲಾಗಿದೆ. ತುರ್ಕಿಯಲ್ಲಿ ಯೂಫ್ರಟಿಸ್ ನದಿಗೆ ಕಟ್ಟಿದ ಬಿರೆಜಿಕ್ ಅಣೆಕಟ್ಟೆಯಲ್ಲಿ ಇದರ ಇನ್ನೊಂದು ಉಪಯೋಗ ಕಂಡಿತು. ಕಾಂಕ್ರೀಟು ಗಟ್ಟಿಯಾಗುವಾಗ ತನ್ನಷ್ಟಕ್ಕೆ ಬಿಸಿಯಾಗುತ್ತದೆ; ಒಳಗೆ ಬಿಸಿ, ಹೊರಗೆ ತಂಪು ಎಂದಾದರೆ ಬಿರುಕು ಬಿಡುತ್ತದೆ. ಅಲ್ಲಿ ಕಾಂಕ್ರೀಟಿನ ಪದರಗಳ ನಡುವೆಯೇ ಎಳೆ ಹಾಸಿ, ಕಟ್ಟೆಯ ಮೈ ಆರುವ ಬಗೆಯನ್ನು ಮೀಟರು ಮೀಟರಿಗೆ ಓದಿದರು.

ಆನೆಯ ಹೆಜ್ಜೆ

ಬಿಸಿಯನ್ನಷ್ಟೇ ಅಲ್ಲ, ನಡುಕವನ್ನೂ ಎಳೆ ಕೇಳುತ್ತದೆ. ನೆಲ ಅದುರಿದರೆ ಎಳೆ ಅದುರುತ್ತದೆ. ಅದರೊಳಗೆ ಚದರಿ ಹಿಂತಿರುಗುವ ಬೆಳಕಿನ ಲಯ ತಪ್ಪುತ್ತದೆ. ಎಷ್ಟನೆಯ ಮೀಟರಿನಲ್ಲಿ ತಪ್ಪಿತೆಂಬುದು ಮೇಲೆ ಹೇಳಿದ ಪ್ರತಿಧ್ವನಿಯ ಲೆಕ್ಕದಿಂದ ದೊರೆಯುತ್ತದೆ. ಇದರ ಸೊಗಸಾದ ಬಳಕೆ ನಮ್ಮ ದೇಶದಲ್ಲೇ ಆಗಿದೆ. ಈಶಾನ್ಯ ಗಡಿ ರೈಲ್ವೆಯವರು ಉತ್ತರ ಬಂಗಾಳ, ಅಸ್ಸಾಮುಗಳ ಕಾಡಿನಲ್ಲಿ ಹಳಿಯ ಪಕ್ಕ ಸಂಪರ್ಕಕ್ಕಾಗಿ ಹಾಕಿದ ಬೆಳಕಿನ ಎಳೆಯನ್ನೇ ಕಿವಿಯಾಗಿ ಮಾಡಿಕೊಂಡು, ಹಳಿಯತ್ತ ಬರುವ ಆನೆಗಳ ಹೆಜ್ಜೆಯನ್ನು ಗುರುತಿಸಿ ರೈಲಿನ ಚಾಲಕರಿಗೂ ಸ್ಟೇಷನ್ ಮಾಸ್ತರರಿಗೂ ಎಚ್ಚರಿಕೆ ಕೊಡುವ ವ್ಯವಸ್ಥೆಯನ್ನು 2022ರಿಂದ ಜಾರಿಗೆ ತಂದರು. ಅದಕ್ಕೆ ‘ಗಜರಾಜ’ ಎಂದೇ ಹೆಸರು.

ಇದರಲ್ಲಿ ನಮ್ಮ ಸೀಮೆಗೆ ಒಂದು ಸುಳಿವುಂಟು. 2023ರ ಅಕ್ಟೋಬರ್ 1ರಂದು ಜಕ್ಲೇರ್‌ನಿಂದ ಕೃಷ್ಣಾ ನಿಲ್ದಾಣದವರೆಗಿನ ಹೊಸ ರೈಲುಮಾರ್ಗ ಲೋಕಾರ್ಪಣೆಯಾಯಿತು. ಮಕ್ತಲದವರ ಬಹುಕಾಲದ ಬಯಕೆ ಅದು. ಇಂದಿನ ರೈಲುಮಾರ್ಗಗಳ ಪಕ್ಕದಲ್ಲಿ, ದೊಡ್ಡ ವಿದ್ಯುತ್ ಗೋಪುರಗಳ ತುದಿಯ ಭೂತಂತಿಯೊಳಗೆ, ಊರೂರಿಗೆ ಅಗೆದ ಕಂದಕಗಳಲ್ಲಿ ಬೆಳಕಿನ ಎಳೆ ಸಾಗುತ್ತದೆ. ಒಂದು ಕೇಬಲಿನೊಳಗೆ ಅನೇಕ ಎಳೆಗಳಿದ್ದು ಕೆಲವು ಮಾತು ಸಾಗಿಸದೆ ಸುಮ್ಮನೆ ಮಲಗಿರುವುದೂ ಉಂಟು. ಅಂಥ ಒಂದು ಎಳೆಯ ತುದಿಗೆ ಓದುವ ಪೆಟ್ಟಿಗೆಯನ್ನು ಜೋಡಿಸಿದರೆ ಅದು ಮೂಕ ತಂತಿಯಾಗಿ ಉಳಿಯುವುದಿಲ್ಲ. ಹೊಸದಾಗಿ ನೆಲ ಅಗೆಯುವ ಖರ್ಚು ಉಳಿಯುತ್ತದೆ. ಕೃಷ್ಣೆಯ ಮೇಲೆ ಹಾದುಹೋಗುವ ಸೇತುವೆಗಳ ನಡುಕವನ್ನೂ ಕಾಲುವೆಯ ಏರಿಯ ಬಿರುಕನ್ನೂ ಹೀಗೆ ಕಾಯುವುದು ಯೋಚಿಸತಕ್ಕ ವಿಷಯ.

ಸಿಡಿಲಿಗೆ ಅಂಜದ ಕಾವಲುಗಾರ

ಅಣೆಕಟ್ಟೆಗಳಲ್ಲಿ ಅಳತೆಯ ಉಪಕರಣಗಳು ಹೊಸವೇನಲ್ಲ. ತೂಗುಗುಂಡು, ಸೋರಿದ ನೀರನ್ನು ಅಳೆಯುವ ಕಚ್ಚು, ನೀರೊತ್ತಡದ ಕೊಳವೆ, ಬಿಗಿದ ತಂತಿಯ ಸ್ವರ ಬದಲಾಗುವುದರಿಂದ ಎಳೆತವನ್ನು ಹೇಳುವ ಮಾಪಕ, ಇವೆಲ್ಲ ದಶಕಗಳಿಂದ ಇವೆ, ಮತ್ತು ಚೆನ್ನಾಗಿ ದುಡಿಯುತ್ತವೆ. ಬೆಳಕಿನ ಎಳೆ ಬಂದಿತೆಂದು ಇವನ್ನು ಕಿತ್ತೆಸೆಯಬೇಕಾಗಿಲ್ಲ. ಎಳೆಯ ಮೇಲ್ಮೆ ಮೂರು ಕಡೆ ಎದ್ದು ಕಾಣುತ್ತದೆ. ಗಾಜಿನಲ್ಲಿ ವಿದ್ಯುತ್ ಹರಿಯದಾದ್ದರಿಂದ ವಿದ್ಯುದಾಗಾರದ ಗದ್ದಲ ಅದಕ್ಕೆ ಕೇಳಿಸದು. ಸಿಡಿಲಿನ ಪೆಟ್ಟು ಎಳೆಯ ಮೂಲಕ ಓದುವ ಯಂತ್ರಕ್ಕೆ ಹಾಯದು. ಮುಂಗಾರಿನ ಸಿಡಿಲಿಗೆ ತಾಮ್ರದ ತಂತಿಯ ಉಪಕರಣಗಳು ಸಾಯುವ ಪರಿ ಬಲ್ಲವರಿಗೆ ಇದರ ಬೆಲೆ ತಿಳಿದಿದೆ. ಗಾಜು ತುಕ್ಕು ಹಿಡಿಯದು. ಇನ್ನು ಒಂದೇ ಎಳೆಯಿಂದ ಸಾವಿರಾರು ಕಡೆಯ ಸುದ್ದಿ.

ಕುಂದುಗಳೂ ಇವೆ. ಎಳೆ ಅಗ್ಗ, ಓದುವ ಪೆಟ್ಟಿಗೆ ದುಬಾರಿ. ಕಾಂಕ್ರೀಟು ಸುರಿಯುವಾಗ ಯಾರದೋ ಗುದ್ದಲಿ ತಾಗಿದರೆ ಎಳೆ ತುಂಡಾಗುತ್ತದೆ. ಹೂತ ಮೇಲೆ ತೆಗೆದು ರಿಪೇರಿ ಮಾಡುವಂತಿಲ್ಲ. ರಸ್ತೆ ಅಗೆಯುವ ಜೆಸಿಬಿಗೆ ಎಳೆಯ ಮೇಲೆ ಎಂಥ ಪ್ರೀತಿಯೆಂಬುದು ಊರಿನಲ್ಲಿ ಇಂಟರ್‌ನೆಟ್ಟು ನಿಂತಾಗಲೆಲ್ಲ ಗೊತ್ತಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಕಷ್ಟ ಸುದ್ದಿಯ ರಾಶಿ. ನಿಮಿಷ ನಿಮಿಷಕ್ಕೂ ಸಾವಿರ ಅಂಕಿಗಳು ಬಂದು ಬೀಳುವಾಗ ಯಾವುದು ಬಿಸಿಲಿನ ಆಟ, ಯಾವುದು ನಿಜವಾದ ಗಾಯ ಎಂದು ವಿಂಗಡಿಸಲು ಆ ಕಟ್ಟೆಯನ್ನು ವರ್ಷಗಟ್ಟಲೆ ಬಲ್ಲ ಇಂಜಿನಿಯರು ಬೇಕು. ಅವನು ಮಧ್ಯರಾತ್ರಿ ಎಚ್ಚರಿಕೆ ಬಂದರೆ ಗೇಟಿನ ಬಳಿ ಹೋಗಬಲ್ಲವನಾಗಿರಬೇಕು, ಮೇಲಿನವರಿಗೆ ತಿಳಿಸಿ ಹಣ ಬಿಡಿಸಿಕೊಳ್ಳಬಲ್ಲವನಾಗಿರಬೇಕು. ಗಂಟೆ ಬಾರಿಸಿದರೂ ಬಾಗಿಲು ತೆರೆಯುವವರಿಲ್ಲದ ಮನೆಗೆ ಗಂಟೆ ಏತಕ್ಕೆ?

ಕಾನೂನಿನ ಬೆಂಬಲ ಈಗ ಇದೆ. 2021ರ ಅಣೆಕಟ್ಟು ಸುರಕ್ಷಾ ಅಧಿನಿಯಮದ ಪ್ರಕಾರ ಅದಕ್ಕೆ ಒಳಪಡುವ ಪ್ರತಿಯೊಂದು ಅಣೆಕಟ್ಟೆಯಲ್ಲಿಯೂ ಒಡೆಯರು ಕನಿಷ್ಠ ಇಷ್ಟು ಉಪಕರಣಗಳನ್ನಿಟ್ಟು, ಅವುಗಳ ಅಂಕಿಗಳನ್ನು ದಾಖಲಿಸಿ ಪರಿಶೀಲಿಸುವುದು ಕಡ್ಡಾಯ. ಮಳೆಗಾಲಕ್ಕೆ ಮುನ್ನ ಮತ್ತು ಅನಂತರ ಕಟ್ಟೆಯನ್ನು ತಪಾಸಣೆ ಮಾಡುವುದೂ ಕಡ್ಡಾಯ. ನಮ್ಮ ಮೇಲ್ದಂಡೆಯಲ್ಲಿ ದೂರದಿಂದ ಗೇಟು ನಡೆಸುವ ವಿದ್ಯೆಯೂ ಬೇರೂರಿದೆ: ನಾರಾಯಣಪುರ ಎಡದಂಡೆ ಕಾಲುವೆಯನ್ನು ನವೀಕರಿಸಿ, ಗೇಟುಗಳನ್ನು ಗಣಕಯಂತ್ರದಿಂದ ನಿಯಂತ್ರಿಸುವ ವ್ಯವಸ್ಥೆಯನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಕಾಲುವೆಯ ಕೊನೆಯ ರೈತನಿಗೂ ನೀರು ಮುಟ್ಟಿಸುವುದು ಅದರ ಗುರಿ. ಕಾಲುವೆಯ ಸಣ್ಣ ಗೇಟಿಗೆ ಸಂದ ಈ ಗಮನ ಅಣೆಕಟ್ಟೆಯ ದೊಡ್ಡ ಗೇಟಿಗೂ, ಅದರ ಪಕ್ಕದಲ್ಲಿ ಮಲಗಿದ ಮಣ್ಣಿನ ಏರಿಗೂ ಸಲ್ಲಲಿ ಎಂದು ಕೇಳುವುದು ಅತಿಯಾಸೆಯಲ್ಲ. ಗಡಿಯ ಎರಡೂ ಕಡೆಯ ಇಂಜಿನಿಯರುಗಳು ತಮ್ಮ ತಮ್ಮ ಕಟ್ಟೆಯ ನಾಡಿಯನ್ನು ಪರಸ್ಪರ ತಿಳಿಸಿಕೊಂಡರೆ ಇನ್ನೂ ಒಳಿತು. ಈಗ ಹಂಚಿಕೊಳ್ಳುತ್ತಿರುವುದು ಮುಖ್ಯವಾಗಿ ನೀರಿನ ಅಂಕಿ.

ಮನೆಯಲ್ಲಿ ಭೌತವಿಜ್ಞಾನವನ್ನೋ ಇಲೆಕ್ಟ್ರಾನಿಕ್ಸನ್ನೋ ಓದುತ್ತಿರುವ ಮಕ್ಕಳುಳ್ಳ ತಾಯಿತಂದೆಯರಿಗೆ ಒಂದು ಮಾತು. ಈ ವಿದ್ಯೆಗೆ ದೂರದೇಶಕ್ಕೆ ಹೋಗಲೇಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಪಕರಣ ಹಾಗೂ ಅನ್ವಯಿಕ ಭೌತವಿಜ್ಞಾನ ವಿಭಾಗ, ಕೋಲ್ಕತ್ತೆಯ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾಲಯ, ಮದರಾಸಿನ ಐಐಟಿ, ಈ ಕಡೆಗಳಲ್ಲಿ ಬೆಳಕಿನ ಎಳೆಯ ಮೇಲೆ ಕೆಲಸ ನಡೆಯುತ್ತದೆ. ಇಂಜಿನಿಯರಿಂಗ್ ಮುಗಿಸಿದವರು ಗೇಟ್ ಪರೀಕ್ಷೆಯನ್ನು ಬರೆದು ಎಂ.ಟೆಕ್. ತರಗತಿಗೆ ಸೇರಬಹುದು. ಗೇಟ್ ಎಂಬ ಹೆಸರು ಕೇಳಿ ಜೂರಾಲದ ಹುಡುಗರು ನಗಬಹುದು. ಆ ಗೇಟಿನಿಂದ ಹೊಕ್ಕವರು ಈ ಗೇಟಿನ ಬಳಿಗೆ ಕೆಲಸಕ್ಕೆ ಬರಲಿ ಎಂದು ನಾವು ಕಾಯುತ್ತಿದ್ದೇವೆ.